ನೇತ್ರಾವತಿ ಅಂಗಳಕ್ಕೆ ಬರುವ ಮೊದಲು: ನದಿತೀರದ ಊರುಗಳಲ್ಲಿ ನೆರೆ ನಿರ್ವಹಣೆಯ ಕ್ರಮ

ಕರಾವಳಿಯ ನದಿಗಳು ಉದ್ದದಲ್ಲಿ ಸಣ್ಣವು, ಇಳಿಜಾರಿನಲ್ಲಿ ಕಡಿದಾದವು. ಕುದುರೆಮುಖದ ಮಗ್ಗುಲಲ್ಲಿ ಹುಟ್ಟುವ ನೇತ್ರಾವತಿಯು ಘಟ್ಟವಿಳಿದು, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು, ಬಂಟ್ವಾಳ, ತುಂಬೆ, ಅಡ್ಯಾರುಗಳನ್ನು ದಾಟಿ ಉಳ್ಳಾಲದ ಬಳಿ ಕಡಲು ಸೇರುವುದಕ್ಕೆ ಸುಮಾರು ನೂರು ಕಿಲೋಮೀಟರ್ ಮಾತ್ರ ಹರಿಯುತ್ತದೆ. ಕೃಷ್ಣೆಯ ತೀರದವರಿಗೆ ಮೇಲಿನ ಜಲಾಶಯದಿಂದ ಬಿಟ್ಟ ನೀರು ಬರುವ ಮುನ್ನ ಯೋಚಿಸಲು ಒಂದಿಷ್ಟು ದಿನಗಳಾದರೂ ಸಿಗುತ್ತವೆ. ನಮಗೆ ಸಿಗುವುದು ಗಂಟೆಗಳು. ನೇತ್ರಾವತಿಯ ಮೇಲೆ ನೆರೆಯನ್ನು ತಡೆದು ನಿಲ್ಲಿಸುವಂಥ ದೊಡ್ಡ ಜಲಾಶಯವಿಲ್ಲ, ಶಂಭೂರು ಮತ್ತು ತುಂಬೆಯ ಅಣೆಕಟ್ಟುಗಳು ಮಳೆಗಾಲದಲ್ಲಿ ಬಂದ ನೀರನ್ನು ಮುಂದಕ್ಕೆ ಬಿಡಲೇಬೇಕು. ಆದ್ದರಿಂದ ದಕ್ಷಿಣ ಕನ್ನಡ, ಉಡುಪಿಯಂಥ ನಮ್ಮ ಜಿಲ್ಲೆಗಳಲ್ಲಿ ನೆರೆಯನ್ನು ಎದುರಿಸುವ ಕೆಲಸದ ಮುಖ್ಯ ಭಾಗವೆಂದರೆ, ಯಾವ ಮಟ್ಟಕ್ಕೆ ನೀರು ಬಂದಾಗ ಯಾರು ಏನು ಮಾಡಬೇಕೆಂಬುದನ್ನು ಬೇಸಿಗೆಯಲ್ಲಿಯೇ ತೀರ್ಮಾನಿಸಿ ಬರೆದಿಡುವುದು. ನೀರು ಅಂಗಳಕ್ಕೆ ಬಂದ ಮೇಲೆ ಸಭೆ ಸೇರಿ ಚರ್ಚಿಸುವಷ್ಟು ಸಮಯವನ್ನು ಈ ನದಿಗಳು ಕೊಡುವುದಿಲ್ಲ.

1923ರ ನೆರೆಯನ್ನು ತುಳುನಾಡಿನ ಹಿರಿಯರು ‘ಮಾರಿಬೊಳ್ಳ’ ಎಂದು ಹೇಳುತ್ತಿದ್ದರು. 1974ರಲ್ಲಿ ಮತ್ತೆ ಬಂಟ್ವಾಳ ಮುಳುಗಿತು, 2019ರ ಆಗಸ್ಟಿನಲ್ಲಿ ಚಾರ್ಮಾಡಿಯ ಕಡೆ ಗುಡ್ಡಗಳು ಜರಿದ ದಿನಗಳಲ್ಲಿ ಪೇಟೆಗೆ ಮತ್ತೊಮ್ಮೆ ನೀರು ನುಗ್ಗಿತು. ಉಡುಪಿಯಲ್ಲಿ 2020ರ ಸೆಪ್ಟೆಂಬರ್ 20ರಂದು, ಮಳೆಗಾಲ ಇನ್ನೇನು ಮುಗಿಯಿತು ಎನ್ನುವ ಹೊತ್ತಿನಲ್ಲಿ, ಕಲ್ಸಂಕ ಮತ್ತು ಕೃಷ್ಣಮಠದ ಆಸುಪಾಸು ಜಲಾವೃತವಾಯಿತು. ಆಟಿ ತಿಂಗಳು (ಜುಲೈ-ಆಗಸ್ಟ್ ನಡುವೆ ಬರುವ ತುಳು ತಿಂಗಳು) ಕಳೆಯಿತೆಂದು ದೋಣಿ, ಹಗ್ಗ, ಜೀವರಕ್ಷಕ ಜಾಕೆಟ್‌ಗಳನ್ನು ಅಟ್ಟಕ್ಕೆ ಹಾಕಬಾರದೆಂಬುದಕ್ಕೆ ಆ ದಿನ ಸಾಕ್ಷಿ.

ಈ ಬರಹವು ಗ್ರಾಮ ಪಂಚಾಯತಿನ ಕಾರ್ಯಪಡೆಯಲ್ಲಿರುವವರಿಗೆ, ನಗರದ ವಾರ್ಡಿನ ಹೊಣೆ ಹೊತ್ತವರಿಗೆ ಮತ್ತು ಇಂಥ ಹೊತ್ತಿನಲ್ಲಿ ಮೊದಲು ಓಡಿ ಬರುವ ಯುವಕ ಮಂಡಲಗಳ ಸದಸ್ಯರಿಗೆ ಉದ್ದೇಶಿಸಿದ್ದು.

ಮೇ ತಿಂಗಳಲ್ಲಿ ಮಾಡಬೇಕಾದ ಪಟ್ಟಿಗಳು

ಮೊದಲು ಬೇಕಾಗುವುದು ಮನೆಗಳ ಪಟ್ಟಿ. ಮತದಾರರ ಪಟ್ಟಿಯನ್ನು ನಕಲು ಮಾಡಿಕೊಂಡರೆ ಕೆಲಸ ಮುಗಿಯಿತೆಂದು ತಿಳಿಯಬಾರದು. ನದಿಗೆ ಅತಿ ಹತ್ತಿರ ಇರುವವರು ಬಹಳ ಸಲ ಆ ಪಟ್ಟಿಯಲ್ಲಿ ಇರುವುದೇ ಇಲ್ಲ: ಮರಳು ದಕ್ಕೆಯ ಬಳಿ ಶೆಡ್ಡುಗಳಲ್ಲಿ ಮಲಗುವ ಹೊರರಾಜ್ಯದ ಕಾರ್ಮಿಕರು, ತೋಟದ ಬಿಡಾರದಲ್ಲಿರುವ ಉತ್ತರ ಕರ್ನಾಟಕದ ಕುಟುಂಬಗಳು, ಬಾಡಿಗೆ ಮನೆಯವರು. ಆಶಾ ಕಾರ್ಯಕರ್ತೆಯರು ಮತ್ತು ಅಂಗನವಾಡಿ ಕಾರ್ಯಕರ್ತೆಯರ ಜೊತೆ ಮನೆಮನೆಗೆ ಹೋಗಿ, ಪ್ರತಿ ಮನೆಯ ಜನಸಂಖ್ಯೆ, ಹಾಸಿಗೆ ಹಿಡಿದವರು, ಎಂಟು ಒಂಬತ್ತು ತಿಂಗಳ ಗರ್ಭಿಣಿಯರು, ಡಯಾಲಿಸಿಸ್‌ಗೆ ಹೋಗುವವರು, ಇನ್ಸುಲಿನ್ ತೆಗೆದುಕೊಳ್ಳುವವರು, ಹಟ್ಟಿಯಲ್ಲಿರುವ ದನಗಳ ಸಂಖ್ಯೆ ಇಷ್ಟನ್ನಾದರೂ ಬರೆದುಕೊಳ್ಳಬೇಕು. ಗರ್ಭಿಣಿಯರನ್ನು ಕೆಂಪು ಎಚ್ಚರಿಕೆ ಬರುವವರೆಗೆ ಕಾಯಿಸದೆ, ಮಳೆ ಹಿಡಿದುಕೊಂಡ ವಾರದಲ್ಲಿಯೇ ಎತ್ತರದ ಜಾಗದಲ್ಲಿರುವ ಬಂಧುಗಳ ಮನೆಗೆ ಅಥವಾ ಆಸ್ಪತ್ರೆಯ ಹತ್ತಿರಕ್ಕೆ ಕಳುಹಿಸುವುದು ಕ್ಷೇಮ. ಮಧ್ಯರಾತ್ರಿ ಹೆರಿಗೆ ನೋವು ಬಂದ ಹೆಣ್ಣುಮಗಳನ್ನು ದೋಣಿಯಲ್ಲಿ ದಾಟಿಸುವ ಪರಿಸ್ಥಿತಿಯನ್ನು ನಾವೇ ತಂದುಕೊಳ್ಳಬಾರದು.

ಎರಡನೆಯ ಪಟ್ಟಿ ಬಾವಿಗಳದ್ದು. ನಮ್ಮಲ್ಲಿ ಮನೆಗೊಂದು ಬಾವಿ ಇದೆ, ತೋಟದ ನಡುವೆ ಕಟ್ಟೆಯಿಲ್ಲದ ಹಳೆಯ ಬಾವಿಗಳೂ ಕೆರೆಗಳೂ ಇವೆ. ಎದೆಮಟ್ಟ ಕೆಂಪು ನೀರು ನಿಂತಾಗ ಇವು ಯಾವುವೂ ಕಾಣುವುದಿಲ್ಲ, ರಕ್ಷಣೆಗೆ ಬಂದವನೇ ಬಾವಿಗೆ ಬೀಳುವ ಅಪಾಯವಿರುತ್ತದೆ. ತಗ್ಗಿನ ಪ್ರದೇಶದ ಪ್ರತಿ ಬಾವಿಯ ಮಗ್ಗುಲಲ್ಲಿ ಎತ್ತರದ ಬಿದಿರಿನ ಗಳುವೊಂದನ್ನು ಭದ್ರವಾಗಿ ನೆಟ್ಟು ತುದಿಗೆ ಕೆಂಪು ಬಟ್ಟೆ ಕಟ್ಟುವುದು ಒಂದು ದಿನದ ಶ್ರಮದಾನದಲ್ಲಿ ಮುಗಿಯುವ ಕೆಲಸ. ಇದಕ್ಕಿಂತ ಕಡಿಮೆ ಖರ್ಚಿನಲ್ಲಿ ಜೀವ ಉಳಿಸುವ ಬೇರೆ ಉಪಾಯ ನನಗೆ ತಿಳಿದಿಲ್ಲ.

ಮೂರನೆಯದು ದೋಣಿಗಳ ಪಟ್ಟಿ. ಇಲ್ಲಿ ಒಂದು ಸೂಕ್ಷ್ಮವಿದೆ. ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುವುದರಿಂದ ಆ ಎರಡು ತಿಂಗಳಲ್ಲಿ ಅನುಭವಿ ಮೀನುಗಾರರು ಊರಲ್ಲಿರುತ್ತಾರೆ, ಆಗಸ್ಟಿನಲ್ಲಿ ಅವರೇ ಕಡಲಿಗೆ ಇಳಿದಿರುತ್ತಾರೆ. ಆದ್ದರಿಂದ ಜೂನ್-ಜುಲೈಗೊಂದು, ಆಗಸ್ಟ್‌ನಿಂದ ಮುಂದಕ್ಕೊಂದು, ಹೀಗೆ ಎರಡು ಪಟ್ಟಿಗಳು ಬೇಕು. ತಗ್ಗು ಬೈಲಿಗೆ ತಳ ಚಪ್ಪಟೆಯಾದ ಸಣ್ಣ ದೋಣಿ ಸೂಕ್ತವೇ ಹೊರತು ಕಡಲಿನ ದೊಡ್ಡ ಬೋಟುಗಳಲ್ಲ. ದೋಣಿಯ ಮಾಲೀಕರಷ್ಟೇ ಅಲ್ಲದೆ ಅದನ್ನು ನಡೆಸಬಲ್ಲ ಇಬ್ಬರ ಹೆಸರುಗಳೂ, ಇಂಧನ ಎಲ್ಲಿದೆ ಎಂಬುದೂ ಪಟ್ಟಿಯಲ್ಲಿರಬೇಕು.

ಪಾವೂರು ಉಳಿಯದಂಥ ಕುದ್ರುಗಳಲ್ಲಿ (ನದಿಯ ನಡುವಿನ ದ್ವೀಪಗಳಲ್ಲಿ) ಇರುವವರಿಗೆ ಲೆಕ್ಕವೇ ಬೇರೆ. ಹರಿವು ಜೋರಾದ ಮೇಲೆ ಅಲ್ಲಿಗೆ ದೋಣಿ ಹಾಕುವುದೇ ಅಪಾಯ, ಹಾಗಾಗಿ ಉಳಿದ ಊರಿಗಿಂತ ಒಂದು ಹಂತ ಮುಂಚಿತವಾಗಿ ಕುದ್ರು ಖಾಲಿಯಾಗಬೇಕು.

ಮಳೆ, ನದಿ, ಕಡಲು: ಮೂರನ್ನೂ ಓದುವುದು

ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗಳಲ್ಲಿ 64.5ರಿಂದ 115.5 ಮಿಲಿಮೀಟರ್ ಬಿದ್ದರೆ ಭಾರೀ ಮಳೆ, 115.6ರಿಂದ 204.4ರವರೆಗೆ ಅತಿ ಭಾರೀ ಮಳೆ, ಅದಕ್ಕಿಂತ ಹೆಚ್ಚಾದರೆ ಅತ್ಯಂತ ಭಾರೀ ಮಳೆ. ಹಳದಿ ಎಂದರೆ ಗಮನವಿಟ್ಟಿರಿ, ಕಿತ್ತಳೆ ಎಂದರೆ ಸಿದ್ಧರಾಗಿರಿ, ಕೆಂಪು ಎಂದರೆ ಕಾರ್ಯಪ್ರವೃತ್ತರಾಗಿರಿ ಎಂದು ಅರ್ಥ. ಆದರೆ ಈ ಎಚ್ಚರಿಕೆ ಇಡೀ ಜಿಲ್ಲೆಗೆ ಕೊಡುವಂಥದ್ದು. ನಿಮ್ಮ ದಂಡೆಗೆ ನೀರು ಎಷ್ಟು ಬರುತ್ತದೆ ಎಂಬುದನ್ನು ತೀರ್ಮಾನಿಸುವುದು ಮಂಗಳೂರಿನ ಮಳೆಗಿಂತ ಹೆಚ್ಚಾಗಿ ಚಾರ್ಮಾಡಿ, ಕುದುರೆಮುಖ, ಸುಬ್ರಹ್ಮಣ್ಯಗಳ ಮಳೆ. ಅಡ್ಯಾರಿನಲ್ಲಿ ಬಿಸಿಲು ಕಾಣಿಸಿಕೊಂಡ ಮಧ್ಯಾಹ್ನವೇ ನದಿ ಏರುತ್ತಿರಬಹುದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪನ ವಿವರಗಳನ್ನು ಬೆಳ್ತಂಗಡಿ, ಕಡಬ, ಸುಳ್ಯ ತಾಲೂಕುಗಳಿಗಾಗಿ ಪ್ರತ್ಯೇಕವಾಗಿ ನೋಡುವ ಅಭ್ಯಾಸ ಮಾಡಿಕೊಳ್ಳಬೇಕು.

ಉಪ್ಪಿನಂಗಡಿಯ ಸಹಸ್ರಲಿಂಗೇಶ್ವರ ದೇವಸ್ಥಾನದ ಮುಂದೆ ಎರಡೂ ನದಿಗಳ ನೀರು ಉಕ್ಕಿ ಒಂದಾದರೆ ಅದನ್ನು ‘ಸಂಗಮ’ ಎಂದು ಕರೆದು ಪೂಜೆ ಸಲ್ಲಿಸುವ ಸಂಪ್ರದಾಯವಿದೆ. ಭಕ್ತಿಯ ಆ ಗಳಿಗೆ ಕೆಳಗಿನ ಊರುಗಳ ಪಾಲಿಗೆ ಸ್ಪಷ್ಟವಾದ ಮುನ್ಸೂಚನೆಯೂ ಹೌದು. ಉಪ್ಪಿನಂಗಡಿಯಲ್ಲಿ ಪರಿಚಯಸ್ಥರೊಬ್ಬರನ್ನು ಇಟ್ಟುಕೊಂಡು, ಮೆಟ್ಟಿಲು ಮುಳುಗಿದ ಗಳಿಗೆಯನ್ನು ಕೇಳಿ ಬರೆದುಕೊಳ್ಳಿ; ನಿಮ್ಮ ದಂಡೆಯಲ್ಲಿ ನೀರು ಏರತೊಡಗಿದ ಗಳಿಗೆಯನ್ನೂ ಪಕ್ಕದಲ್ಲಿ ಬರೆಯಿರಿ. ಎರಡು ಮೂರು ಮಳೆಗಾಲ ಹೀಗೆ ಬರೆದರೆ ನಿಮ್ಮ ಊರಿಗೆ ಎಷ್ಟು ಗಂಟೆಗಳ ಅವಕಾಶವಿದೆ ಎಂಬುದು ಯಾರನ್ನೂ ಕೇಳದೆ ತಿಳಿಯುತ್ತದೆ. ಬಂಟ್ವಾಳದಲ್ಲಿ ನೇತ್ರಾವತಿಯ ಅಪಾಯದ ಮಟ್ಟ 8.5 ಮೀಟರ್. ಇಷ್ಟೇ ಮುಖ್ಯವಾದದ್ದು ಏರುವ ವೇಗ. ಗಂಟೆಗೊಮ್ಮೆ ಮಟ್ಟ ನೋಡಿ, ಹಿಂದಿನ ಗಂಟೆಗಿಂತ ಈ ಗಂಟೆ ಹೆಚ್ಚು ಏರಿದ್ದರೆ ಮೊದಲೇ ಬರೆದಿಟ್ಟ ಕ್ರಮದಲ್ಲಿ ಒಂದು ಹಂತ ಮುಂದಕ್ಕೆ ಹೋಗಬೇಕು.

ಕಡಲನ್ನು ಮರೆತರೆ ಲೆಕ್ಕ ತಪ್ಪುತ್ತದೆ. ದಿನಕ್ಕೆ ಎರಡು ಬಾರಿ ಉಬ್ಬರವಿದೆ, ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನ ದಿನಗಳಲ್ಲಿ ಅದು ಜಾಸ್ತಿ. ಅಳಿವೆಯಲ್ಲಿ ಉಬ್ಬರವಿರುವಾಗ ನದಿಯ ನೀರು ಕಡಲಿಗೆ ಇಳಿಯಲಾರದೆ ಹಿಂದಕ್ಕೆ ಒತ್ತಿ, ಜೆಪ್ಪಿನಮೊಗರು, ಉಳ್ಳಾಲ, ಹರೇಕಳದ ತಗ್ಗುಗಳಲ್ಲಿ ನಿಲ್ಲುತ್ತದೆ. ಸ್ವರ್ಣಾ ಮತ್ತು ಸೀತಾ ನದಿಗಳು ಕಡಲು ಸೇರುವ ಕೋಡಿ ಬೆಂಗ್ರೆಯ ಸುತ್ತಲೂ ಇದೇ ಕಥೆ. ನಿಯಂತ್ರಣ ಕೊಠಡಿಯ ಗೋಡೆಯ ಮೇಲೆ ಆ ತಿಂಗಳ ಉಬ್ಬರ ಇಳಿತದ ವೇಳಾಪಟ್ಟಿ ಇರಲೇಬೇಕು.

ಒಬ್ಬರ ಕೈಯಲ್ಲಿ ಆಜ್ಞೆ

2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳು ಅಧ್ಯಕ್ಷರು. ವಾಹನ ಸಂಚಾರ ತಡೆಯುವ, ಅಪಾಯದ ಪ್ರದೇಶಕ್ಕೆ ಪ್ರವೇಶ ನಿರ್ಬಂಧಿಸುವ, ರಕ್ಷಣೆ ಮತ್ತು ಪರಿಹಾರಕ್ಕೆ ಬೇಕಾದ ವ್ಯವಸ್ಥೆ ಮಾಡಿಸುವ ಅಧಿಕಾರವನ್ನು ಕಾಯ್ದೆಯ 34ನೆಯ ಸೆಕ್ಷನ್ ಪ್ರಾಧಿಕಾರಕ್ಕೆ ಕೊಡುತ್ತದೆ. ಊರಿನ ಮಟ್ಟದಲ್ಲಿ ಪಂಚಾಯತ್ ಅಭಿವೃದ್ಧಿ ಅಧಿಕಾರಿ (ಪಿಡಿಒ), ಗ್ರಾಮ ಆಡಳಿತ ಅಧಿಕಾರಿ ಮತ್ತು ನೋಡಲ್ ಅಧಿಕಾರಿಗಳಲ್ಲಿ ಯಾರು ಅಂದಿನ ಮುಖ್ಯಸ್ಥರು ಎಂಬುದು ಮೊದಲೇ ಲಿಖಿತವಾಗಿ ತೀರ್ಮಾನವಾಗಿರಬೇಕು. ನಾನು ಕಂಡ ಒಂದು ನೆರೆಯಲ್ಲಿ ಒಂದೇ ಮನೆಗೆ ಮೂರು ಕಡೆಯಿಂದ ದೋಣಿ ಹೋಯಿತು, ಆಚೆಯ ಬೈಲಿನ ವೃದ್ಧ ದಂಪತಿಯ ಕಡೆಗೆ ಸಂಜೆಯವರೆಗೂ ಯಾರೂ ಹೋಗಲಿಲ್ಲ. ಎಲ್ಲರೂ ಪ್ರಾಮಾಣಿಕವಾಗಿ ದುಡಿಯುತ್ತಿದ್ದರು, ಆದರೆ ಎಲ್ಲರಿಗೂ ಬೇರೆ ಬೇರೆಯವರು ಫೋನು ಮಾಡುತ್ತಿದ್ದರು.

ಆದ್ದರಿಂದ ಒಂದು ಮೇಜು, ಒಂದು ದಪ್ಪ ರಟ್ಟಿನ ಪುಸ್ತಕ, ಬರೆಯುವುದಕ್ಕೆಂದೇ ಒಬ್ಬರು. ಬಂದ ಪ್ರತಿ ಕರೆಯ ಸಮಯ, ಮನೆ, ಜನ, ಯಾರನ್ನು ಕಳುಹಿಸಲಾಯಿತು, ಅವರು ಯಾವಾಗ ಮರಳಿದರು ಎಂಬುದನ್ನು ಬರೆಯಬೇಕು. ಮುಖ್ಯಸ್ಥರು ಸ್ವತಃ ದೋಣಿ ಹತ್ತಬಾರದು. ಹತ್ತಿದ ಕ್ಷಣವೇ ಮೇಜಿನ ಬಳಿ ತೀರ್ಮಾನಿಸುವವರು ಇಲ್ಲದಂತಾಗುತ್ತದೆ. ಹನ್ನೆರಡು ಗಂಟೆಗಳಿಗೊಮ್ಮೆ ಹೊಣೆ ಬದಲಾಗಲಿ. ನಿದ್ದೆಗೆಟ್ಟವರ ನಿರ್ಧಾರಗಳನ್ನು ನಂಬುವಂತಿಲ್ಲ. ಜಿಲ್ಲಾ ನಿಯಂತ್ರಣ ಕೊಠಡಿಯ 1077, ತುರ್ತು ಸೇವೆಯ 112, ಆಂಬ್ಯುಲೆನ್ಸಿನ 108 ಮತ್ತು ವಿದ್ಯುತ್ ಸರಬರಾಜು ಮಾಡುವ ಮೆಸ್ಕಾಂನ 1912 ಸಂಖ್ಯೆಗಳು ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿರಲಿ. ಮೊಬೈಲ್ ಜಾಲ ಕೈಕೊಟ್ಟಾಗ ಸಂದೇಶ ಒಯ್ಯಲು ಬೈಕಿನ ಇಬ್ಬರು ಹುಡುಗರು ಸಿದ್ಧರಿರಬೇಕು. ಶಿರಾಡಿ, ಚಾರ್ಮಾಡಿ, ಆಗುಂಬೆ ಘಾಟಿಗಳು ಏಕಕಾಲಕ್ಕೆ ಮುಚ್ಚಿದರೆ ಮೇಲಿನಿಂದ ನೆರವು ತಡವಾಗುತ್ತದೆ, ಆದ್ದರಿಂದ ಎರಡು ದಿನ ನಾವೇ ನಿಭಾಯಿಸುವಷ್ಟು ಅಕ್ಕಿ, ನೀರು, ಡೀಸೆಲ್ ಊರಲ್ಲಿ ಇರಬೇಕೆಂಬುದು ನನ್ನ ಅಭಿಪ್ರಾಯ.

ತೆರವು: ಲೆಕ್ಕ ಹಿಂದಿನಿಂದ ಮಾಡಬೇಕು

ತಗ್ಗಿನಲ್ಲಿ 60 ಮನೆಗಳು, 240 ಜನ ಇದ್ದಾರೆಂದು ಭಾವಿಸೋಣ. ನಿಮ್ಮಲ್ಲಿ ಎರಡು ದೋಣಿಗಳಿದ್ದು, ಒಂದರಲ್ಲಿ ಎಂಟು ಜನರನ್ನು ಕೂರಿಸಿ, ಹೋಗಿ ಬರಲು ಅರ್ಧ ಗಂಟೆ ಹಿಡಿದರೆ ಗಂಟೆಗೆ 32 ಜನರನ್ನು ದಾಟಿಸಬಹುದು. ಎಲ್ಲರೂ ದಾಟಲು ಏಳೂವರೆ ಗಂಟೆ ಬೇಕು. ಅದೇ ಜನರನ್ನು ರಸ್ತೆ ಒಣಗಿರುವಾಗ ನಾಲ್ಕು ಪಿಕಪ್ ವಾಹನಗಳಲ್ಲಿ ಎರಡು ಗಂಟೆಯೊಳಗೆ ಸಾಗಿಸಿಬಿಡಬಹುದು. ತೆರವಿನ ಆದೇಶವನ್ನು ತಡಮಾಡಿದರೆ ಕೆಲಸ ನಾಲ್ಕು ಪಟ್ಟು ನಿಧಾನವಾಗುತ್ತದೆ, ಅಪಾಯವೂ ಸೇರಿಕೊಳ್ಳುತ್ತದೆ. ರಾತ್ರಿ ನೀರು ಏರುವ ಸೂಚನೆಯಿದ್ದರೆ ಸಂಜೆ ನಾಲ್ಕು ಗಂಟೆಗೆ ಮೊದಲೇ ಜನರನ್ನು ಹೊರಡಿಸಬೇಕು, ಕತ್ತಲೆಯಲ್ಲಿ ತೆರವು ಮಾಡಿಸುವುದು ಕೊನೆಯ ದಾರಿ.

ಜನ ಏಕೆ ಹೊರಡುವುದಿಲ್ಲ ಎಂಬುದನ್ನು ಸಿಟ್ಟಾಗದೆ ಅರ್ಥ ಮಾಡಿಕೊಳ್ಳಬೇಕು. ‘ಎಪ್ಪತ್ನಾಲ್ಕರಲ್ಲಿಯೇ ನಮ್ಮ ಮೆಟ್ಟಿಲಿಗೆ ನೀರು ಬಂದಿರಲಿಲ್ಲ’ ಎನ್ನುವ ಅಜ್ಜನಿಗೆ ಅವರದೇ ಅನುಭವದ ಆಧಾರವಿದೆ. ಆದರೆ ಅಂದಿನಿಂದ ಈಚೆಗೆ ಗದ್ದೆಗಳಿಗೆ ಮಣ್ಣು ತುಂಬಿ ಕಟ್ಟಡಗಳಾಗಿವೆ, ತೋಡುಗಳು (ಸಣ್ಣ ಹಳ್ಳಗಳು) ಕಿರಿದಾಗಿವೆ, ಅಷ್ಟೇ ಮಳೆಗೆ ನೀರು ಬೇರೆ ದಾರಿ ಹಿಡಿಯುತ್ತದೆ ಎಂಬುದನ್ನು ಅವರ ಅಂಗಳದಲ್ಲಿಯೇ ನಿಂತು ತೋರಿಸಿ ಹೇಳಬೇಕು. ಘೋಷಣೆಯನ್ನು ಭಜನಾ ಮಂದಿರ, ಮಸೀದಿ, ಚರ್ಚುಗಳ ಧ್ವನಿವರ್ಧಕಗಳಲ್ಲಿ ತುಳು, ಬ್ಯಾರಿ, ಕೊಂಕಣಿ, ಕನ್ನಡಗಳಲ್ಲಿ ಮಾಡಿಸಿ. ಕಾರ್ಮಿಕರ ಶೆಡ್ಡುಗಳ ಬಳಿ ಹಿಂದಿಯಲ್ಲಿ ಹೇಳಿ. ‘ಎಚ್ಚರವಾಗಿರಿ’ ಎಂದರೆ ಯಾರೂ ಎದ್ದು ಬರುವುದಿಲ್ಲ. ‘ಮೂರು ಗಂಟೆಯೊಳಗೆ ಶಾಲೆಗೆ ಬನ್ನಿ, ಪಡಿತರ ಚೀಟಿ, ಆಧಾರ್, ಔಷಧಿ, ಒಂದು ಜೊತೆ ಬಟ್ಟೆ ತನ್ನಿ’ ಎಂದರೆ ಬರುತ್ತಾರೆ.

ದನಕರುಗಳಿಗೆ ಎತ್ತರದ ಜಾಗ ತೋರಿಸದೆ ಇದ್ದರೆ ಮನೆಯ ಒಬ್ಬರಾದರೂ ಹಿಂದೆ ಉಳಿಯುತ್ತಾರೆ, ರಾತ್ರಿ ಅವರಿಗಾಗಿಯೇ ದೋಣಿ ಕಳುಹಿಸಬೇಕಾಗುತ್ತದೆ. ಹಟ್ಟಿಯ ದನಗಳನ್ನು ಜನರಿಗಿಂತ ಮೊದಲೇ ಗುಡ್ಡದ ಕಡೆಗೆ ಸಾಗಿಸಿ, ಬೈಹುಲ್ಲಿನ ವ್ಯವಸ್ಥೆ ಮಾಡಿಸಿ. ಯಾವುದೇ ಕಾರಣಕ್ಕೂ ಕಟ್ಟಿಹಾಕಿ ಹೊರಡಬಾರದು, ಹಗ್ಗ ಬಿಚ್ಚಿದ ಪ್ರಾಣಿ ಈಜಿ ಬದುಕಬಲ್ಲದು. ಖಾಲಿಯಾದ ಮನೆಗಳ ಕಾವಲಿಗೆ ಪೊಲೀಸರು ಅಥವಾ ಗೃಹರಕ್ಷಕರು ದೋಣಿಯಲ್ಲಿ ಸುತ್ತುತ್ತಾರೆಂಬ ಭರವಸೆ ಕೊಟ್ಟು ಅದನ್ನು ನಡೆಸಿಕೊಡಬೇಕು.

ರಭಸದ ಹರಿವಿನಲ್ಲಿ 15 ಸೆಂಟಿಮೀಟರ್ ನೀರು ಮನುಷ್ಯನ ಕಾಲು ತಪ್ಪಿಸಬಲ್ಲದು, 30 ಸೆಂಟಿಮೀಟರ್ ಸಣ್ಣ ಕಾರನ್ನು ತೇಲಿಸಬಲ್ಲದು, 60 ಸೆಂಟಿಮೀಟರ್ ಹೆಚ್ಚಿನ ವಾಹನಗಳನ್ನು ಕೊಚ್ಚಿಕೊಂಡು ಹೋಗಬಲ್ಲದು. ಮುಳುಗು ಸೇತುವೆಯ ಎರಡೂ ತುದಿಗಳಲ್ಲಿ ಹಗ್ಗ ಕಟ್ಟಿ ಜನರನ್ನು ನಿಲ್ಲಿಸಿ. ಬರೀ ಫಲಕ ಇಟ್ಟರೆ ಅದನ್ನು ಸರಿಸಿ ಹೋಗುವವರು ಇದ್ದೇ ಇರುತ್ತಾರೆ.

ದೋಣಿ ಹೊರಡುವ ಮುನ್ನ

ಮೆಸ್ಕಾಂ ಆ ಪ್ರದೇಶದ ವಿದ್ಯುತ್ ಕಡಿತಗೊಳಿಸಿದೆ ಎಂದು ಖಚಿತವಾಗುವ ತನಕ ಒಂದು ದೋಣಿಯೂ ತೋಟದೊಳಕ್ಕೆ ಹೋಗಬಾರದು. ನೀರು ಎರಡಾಳು ಏರಿದಾಗ ತಂತಿಗಳು ದೋಣಿಯವನ ತಲೆಯ ಮಟ್ಟಕ್ಕೆ ಬರುತ್ತವೆ. ಕಡಿತ ಮಾಡಿದವರ ಹೆಸರು ಮತ್ತು ಸಮಯವನ್ನು ಪುಸ್ತಕದಲ್ಲಿ ಬರೆದುಕೊಂಡು, ನಿಮ್ಮ ಒಪ್ಪಿಗೆಯಿಲ್ಲದೆ ಮತ್ತೆ ವಿದ್ಯುತ್ ಕೊಡಬಾರದೆಂದು ತಿಳಿಸಬೇಕು.

ದೋಣಿಯ ಮುಂಭಾಗದಲ್ಲಿ ಆ ಬೈಲಿನ ಮನೆಯವರೇ ಒಬ್ಬರು ಉದ್ದನೆಯ ಜಲ್ಲೆ ಹಿಡಿದು ಕೂರಬೇಕು. ಬೇಲಿಯ ಮುಳ್ಳುತಂತಿ, ಕೊಳವೆಬಾವಿಯ ಪೈಪು, ಆವರಣ ಗೋಡೆ ಎಲ್ಲಿವೆ ಎಂಬುದು ಅವರಿಗೆ ಮಾತ್ರ ತಿಳಿದಿರುತ್ತದೆ. ಮನೆಯನ್ನು ಸಮೀಪಿಸುವಾಗ ಹರಿವಿಗೆ ಎದುರಾಗಿ, ದೋಣಿಯ ಮೂತಿ ಮೇಲ್ದಿಕ್ಕಿಗೆ ಇರುವಂತೆ ಕೆಳಗಿನಿಂದ ಬರಬೇಕು. ಹರಿವಿನ ಜೊತೆಗೆ ಬಂದರೆ ದೋಣಿಯನ್ನು ನಿಲ್ಲಿಸುವುದು ಕಷ್ಟ, ಮರಕ್ಕೋ ಗೋಡೆಗೋ ಅಡ್ಡಡ್ಡ ಒತ್ತಿಕೊಂಡರೆ ಮಗುಚಿಬಿಡುತ್ತದೆ. ಹತ್ತುವ ಪ್ರತಿಯೊಬ್ಬರಿಗೂ ಜೀವರಕ್ಷಕ ಜಾಕೆಟ್ ಬೇಕು, ಇದ್ದಷ್ಟು ಜಾಕೆಟ್‌ಗಳಿಗಿಂತ ಒಬ್ಬರೂ ಹೆಚ್ಚಾಗಬಾರದು. ‘ಈಗ ಹೋಗಲಾಗದು’ ಎಂದು ದೋಣಿ ನಡೆಸುವವರು ಹೇಳಿದರೆ ಅದೇ ಕೊನೆಯ ಮಾತು, ಅಧಿಕಾರಿಯಾಗಲೀ ಜನಪ್ರತಿನಿಧಿಯಾಗಲೀ ಒತ್ತಾಯಿಸಬಾರದು. ಮಕ್ಕಳನ್ನು ತಾಯಿಯಿಂದ ಬೇರ್ಪಡಿಸದೆ ಕರೆತನ್ನಿ. ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ ಹೆಸರು ಬರೆದುಕೊಳ್ಳಿ.

ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಹರಿವಿಗೆ ಧುಮುಕುವುದನ್ನು ಹುಡುಗರು ಸುರಕ್ಷಿತವೆಂದು ತಿಳಿದಿದ್ದಾರೆ. ಹಗ್ಗ ಬಿಗಿಯಾದ ಕೂಡಲೇ ನೀರಿನ ಒತ್ತಡವು ಮನುಷ್ಯನನ್ನು ತಲೆಕೆಳಗಾಗಿ ಅದುಮಿ ಹಿಡಿಯುತ್ತದೆ, ಗಂಟು ಬಿಚ್ಚಲು ಸಾಧ್ಯವಾಗುವುದಿಲ್ಲ. ಮೊದಲು ಜಲ್ಲೆ ಚಾಚಿ, ಅದು ಎಟುಕದಿದ್ದರೆ ಹಗ್ಗ ಎಸೆಯಿರಿ. ಹಗ್ಗದ ತುದಿಗೆ ಮುಚ್ಚಳ ಬಿಗಿದ ಖಾಲಿ ಕ್ಯಾನು ಕಟ್ಟಿರಲಿ, ಇಲ್ಲವೇ ನಾವು ಚಿಕ್ಕಂದಿನಲ್ಲಿ ಈಜು ಕಲಿಯಲು ಕಟ್ಟಿಕೊಳ್ಳುತ್ತಿದ್ದಂಥ ಎರಡು ಒಣ ತೆಂಗಿನಕಾಯಿಗಳಿದ್ದರೂ ಆದೀತು. ನೀರಿಗಿಳಿಯುವುದು ಅಗ್ನಿಶಾಮಕ ದಳದ ಅಥವಾ ವಿಪತ್ತು ಸ್ಪಂದನಾ ಪಡೆಯ ತರಬೇತಿ ಪಡೆದವರ ಕೆಲಸ.

ಕಾಳಜಿ ಕೇಂದ್ರ

ತೆರವಾದವರು ತಂಗುವ ಕಾಳಜಿ ಕೇಂದ್ರವೆಂದು ಗುರುತಿಸಿದ ಶಾಲೆಗೆ ನೆರೆಯ ಸಮಯದಲ್ಲಿ ದಾರಿಯೇ ಮುಳುಗುತ್ತದೆಯೇ ಎಂದು ಮೊದಲು ನೋಡಿ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಕನಿಷ್ಠ ಮಾನದಂಡದಂತೆ ಒಬ್ಬರಿಗೆ 3.5 ಚದರ ಮೀಟರ್ ಸೂರು, ದಿನಕ್ಕೆ ಕನಿಷ್ಠ 3 ಲೀಟರ್ ಕುಡಿಯುವ ನೀರು, 30 ಜನರಿಗೆ ಒಂದು ಶೌಚಾಲಯ, ವಯಸ್ಕರಿಗೆ ದಿನಕ್ಕೆ 2,400 ಕಿಲೋ ಕ್ಯಾಲರಿ ಆಹಾರ ಬೇಕು. ಆರು ಮೀಟರ್ ಉದ್ದಗಲದ ತರಗತಿಯಲ್ಲಿ ಹತ್ತು ಜನರಿಗಷ್ಟೇ ಜಾಗ. 240 ಜನರಿಗೆ ಅಂಥ 24 ಕೋಣೆಗಳೂ 8 ಶೌಚಾಲಯಗಳೂ ಬೇಕಾಗುತ್ತವೆ. ಇಷ್ಟು ದೊಡ್ಡ ಶಾಲೆ ಹಳ್ಳಿಯಲ್ಲಿ ಎಲ್ಲಿದೆ? ಈ ಲೆಕ್ಕವನ್ನು ಮೇ ತಿಂಗಳಲ್ಲಿಯೇ ಹಾಕಿದರೆ ಎರಡನೆಯ, ಮೂರನೆಯ ಕಟ್ಟಡವನ್ನು ಹುಡುಕಿಕೊಳ್ಳಬಹುದು.

ಮಹಿಳೆಯರಿಗೆ ಬೀಗ ಹಾಕಬಲ್ಲ ಸ್ನಾನದ ಮನೆ, ರಾತ್ರಿ ಶೌಚಾಲಯದ ದಾರಿಯುದ್ದಕ್ಕೂ ಬೆಳಕು, ಮುಟ್ಟಿನ ಬಟ್ಟೆ ಅಥವಾ ಪ್ಯಾಡುಗಳು, ಅವನ್ನು ಕೇಳದೆಯೇ ಕೊಡುವ ಒಬ್ಬ ಕಾರ್ಯಕರ್ತೆ: ಇವು ಸೌಲಭ್ಯದ ಪಟ್ಟಿಯ ಕೊನೆಗೆ ಬರುವಂಥವಲ್ಲ. ಇವಿಲ್ಲವೆಂದೇ ಹೆಂಗಸರು ನೀರು ನಿಂತ ಮನೆಗೆ ವಾಪಸು ಹೋದದ್ದನ್ನು ಕಂಡಿದ್ದೇನೆ. ಊಟಕ್ಕೆ ಕುಚ್ಚಲಕ್ಕಿ ಗಂಜಿ, ಚಟ್ನಿ, ಉಪ್ಪಿನಕಾಯಿ ಆಗಬಹುದು. ಬಿಸಿಯಾಗಿರುವುದು ಮತ್ತು ಹೊತ್ತಿಗೆ ಸಿಗುವುದು ಮುಖ್ಯ. ಬಂದವರನ್ನು ಆಶ್ರಿತರಂತೆ ನೋಡದೆ, ಅಡುಗೆಗೂ ಕೇಂದ್ರದ ನಿರ್ಧಾರಗಳಿಗೂ ಅವರನ್ನೇ ಸೇರಿಸಿಕೊಳ್ಳಬೇಕು.

ನೀರು ಇಳಿದ ಮೇಲೆ

ಮನೆಗೆ ಮರಳುವ ಮೊದಲು ಮಣ್ಣಿನ ಗೋಡೆಗಳನ್ನು ಪರೀಕ್ಷಿಸಿ, ನೆನೆದ ಗೋಡೆ ಬಿಸಿಲು ಬಂದ ಮೇಲೆ ಬೀಳುವುದುಂಟು. ಮೂಲೆ, ಹಂಚಿನ ಸಂದು, ಕಟ್ಟಿಗೆಯ ರಾಶಿಗಳಲ್ಲಿ ಹಾವುಗಳಿರುತ್ತವೆ, ಕೋಲಿನಿಂದ ಸದ್ದು ಮಾಡದೆ ಕೈ ಹಾಕಬಾರದು. ಕಚ್ಚಿದರೆ ಕೊಯ್ಯದೆ, ಬಿಗಿಯಾಗಿ ಕಟ್ಟದೆ, ನೇರವಾಗಿ ಪ್ರತಿವಿಷ ಲಭ್ಯವಿರುವ ಆಸ್ಪತ್ರೆಗೆ ಒಯ್ಯಿರಿ.

ನಮ್ಮ ಮುರಕಲ್ಲಿನ (ಜಂಬಿಟ್ಟಿಗೆಯ) ನೆಲ ರಂಧ್ರಗಳಿಂದ ಕೂಡಿದ್ದು, ಕಟ್ಟೆ ಮುಳುಗದ ಬಾವಿಗೂ ನೆರೆನೀರು ಒಳಗಿನಿಂದ ಬಂದು ಸೇರುತ್ತದೆ. ಸುತ್ತಲಿನ ಮಣ್ಣು ನೆನೆದಿರುವಾಗ ಪಂಪು ಹಚ್ಚಿ ಬಾವಿಯನ್ನು ಒಮ್ಮೆಲೇ ಬರಿದು ಮಾಡಿದರೆ ಕುಸಿಯುವ ಅಪಾಯವಿದೆ. ಬ್ಲೀಚಿಂಗ್ ಪುಡಿಯ ಸಾಮಾನ್ಯ ಪ್ರಮಾಣ 1,000 ಲೀಟರಿಗೆ ಸುಮಾರು 2.5 ಗ್ರಾಂ. 3 ಮೀಟರ್ ಅಗಲ, 5 ಮೀಟರ್ ನೀರಿರುವ ಬಾವಿಯಲ್ಲಿ ಸುಮಾರು 35,000 ಲೀಟರ್ ಇರುವುದರಿಂದ ಅದಕ್ಕೆ 90 ಗ್ರಾಂನಷ್ಟು ಬೇಕು. ನೆರೆನೀರು ಹೊಕ್ಕ ಬಾವಿಗೆ ಇದು ಸಾಲದು. ಆರೋಗ್ಯ ಸಹಾಯಕರು ಪರೀಕ್ಷಿಸಿ, ಒಂದು ಗಂಟೆಯ ಬಳಿಕ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿಯುವಷ್ಟು ಹಾಕಿಸಬೇಕು. ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿಯನ್ನು ಮಾತ್ರ ಬಾವಿಗೆ ಬಿಟ್ಟು ಕೊಡಪಾನದಿಂದ ಕದಡಿ. ಅಲ್ಲಿಯವರೆಗೂ, ಆಮೇಲೂ ಕೆಲವು ವಾರ, ಕುದಿಸಿದ ನೀರನ್ನೇ ಕುಡಿಯಬೇಕು.

ಕೆಸರು ತೆಗೆಯಲು ಇಳಿದವರಿಗೆ ಮುಂದಿನ ಕೆಲವು ವಾರಗಳಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ಅದು ಇಲಿಜ್ವರವಿರಬಹುದು. ಮಳೆಜ್ವರವೆಂದು ಮನೆಯಲ್ಲಿಯೇ ಉಳಿಯದೆ, ನೆರೆನೀರಿನಲ್ಲಿ ಕೆಲಸ ಮಾಡಿದ್ದನ್ನು ವೈದ್ಯರಿಗೆ ತಿಳಿಸಬೇಕು. ಗಾಯವಿದ್ದವರು ಕೆಸರಿಗೆ ಇಳಿಯದಿರಲಿ, ಉಳಿದವರು ಗಂಬೂಟು ಹಾಕಿಕೊಳ್ಳಲಿ. ತಡೆಗಟ್ಟುವ ಮಾತ್ರೆಯನ್ನು ವೈದ್ಯರ ಸಲಹೆಯಿಲ್ಲದೆ ಹಂಚಬಾರದು.

ಹಾನಿಗೊಂಡ ಮನೆ, ತೋಟ, ಸತ್ತ ಜಾನುವಾರುಗಳ ಫೋಟೋವನ್ನು ಸ್ವಚ್ಛಗೊಳಿಸುವ ಮೊದಲೇ ದಿನಾಂಕ ಸಹಿತ ತೆಗೆದಿಡಿ. ಮಹಜರಿಗೆ ಗ್ರಾಮ ಆಡಳಿತ ಅಧಿಕಾರಿ ಬರುವಷ್ಟರಲ್ಲಿ ಕೆಸರು ತೊಳೆದುಹೋಗಿದ್ದರೆ ಪರಿಹಾರದ ಅರ್ಜಿಗೆ ಆಧಾರವೇ ಇರುವುದಿಲ್ಲ. ನೀರು ಏರಿದ ಗೆರೆಯೂ ಗೋಡೆಗಳ ಮೇಲೆ ಒಂದೆರಡು ಮಳೆಯವರೆಗೆ ಮಾತ್ರ ಕಾಣುತ್ತದೆ. ಅದು ಅಳಿಯುವ ಮೊದಲು ಶಾಲೆ, ಪಂಚಾಯತು ಕಟ್ಟಡ, ಸೇತುವೆಯ ಕಂಬ, ಬೈಲಿನ ನಾಲ್ಕಾರು ಮನೆಗಳ ಮೇಲೆ ಬಣ್ಣದಲ್ಲಿ ಗೆರೆ ಎಳೆದು ದಿನಾಂಕ ಮತ್ತು ಗಂಟೆಯನ್ನು ಬರೆಯಿಸಿ, ನಿಯಂತ್ರಣ ಕೊಠಡಿಯ ಪುಸ್ತಕದ ಜೊತೆ ತಾಳೆ ನೋಡಿ, ಮುಂದಿನ ಮೇ ತಿಂಗಳ ಪಟ್ಟಿಗಳನ್ನು ಆ ಗೆರೆಯಿಂದ ಆರಂಭಿಸಿ.